ಮನೆಯವರ ಮದುವೆಯಲ್ಲಿ ನೀವೇ ಕ್ಯಾಮೆರಾ ಹಿಡಿದಾಗ

ಅಕ್ಕನದೋ, ಚಿಕ್ಕಪ್ಪನ ಮಗನದೋ ಮದುವೆ ಗೊತ್ತಾಗಿದೆ. ‘ನಿನ್ನ ಹತ್ರ ಒಳ್ಳೆ ಕ್ಯಾಮೆರಾ ಇದೆಯಲ್ಲ, ಫೋಟೊ ನೀನೇ ತೆಗಿ’ ಎಂದು ಮನೆಯವರು ಹೇಳುತ್ತಾರೆ. ಹೂಂ ಅನ್ನುವ ಮೊದಲು ಒಂದು ವಿಷಯ ಕೇಳಿಕೊಳ್ಳಿ. ಬೇರೆ ಫೋಟೊಗ್ರಾಫರ್ ಬರುತ್ತಾರಾ, ಇಲ್ಲಾ ನೀವೊಬ್ಬರೇನಾ?

ನೀವೊಬ್ಬರೇ ಆದರೆ ಅವತ್ತು ಊಟ, ಹರಟೆ ಎಲ್ಲ ಆಮೇಲೆ. ಇದನ್ನು ಮನೆಯವರಿಗೆ ಮುಂಚೆಯೇ ಹೇಳಿಬಿಡಿ. ಒಂದು ಕ್ಯಾಮೆರಾ ಕೈಕೊಟ್ಟರೆ ಇರಲಿ ಅಂತ ಇನ್ನೊಂದನ್ನು ಯಾರಿಂದಲಾದರೂ ಕೇಳಿ ತಂದಿಟ್ಟುಕೊಳ್ಳಿ. ಫೋಟೊಗ್ರಾಫರ್ ಬರುವುದಾದರೆ ಬೆಳಿಗ್ಗೆಯೇ ಅವರನ್ನು ಮಾತಾಡಿಸಿ, ಎಲ್ಲಿ ನಿಲ್ಲುತ್ತಾರೆ ಎಂದು ತಿಳಿದುಕೊಳ್ಳಿ. ಅವರ ಮುಂದೆ ಹೋಗಿ ನಿಲ್ಲಬೇಡಿ. ಅವರು ತೆಗೆಯುವ ಫೋಟೊವನ್ನೇ ನೀವೂ ತೆಗೆಯುವುದರಲ್ಲಿ ಅರ್ಥವಿಲ್ಲ.

ಯಾಕೆಂದರೆ ನಿಮ್ಮ ಹತ್ತಿರ ಅವರಿಗಿಲ್ಲದ ಒಂದು ಅನುಕೂಲ ಇದೆ. ಯಾರು ಯಾರಿಗೆ ಏನಾಗಬೇಕು ಎಂಬುದು ನಿಮಗೆ ಗೊತ್ತು. ಹುಡುಗಿಯನ್ನು ಎತ್ತಿ ಆಡಿಸಿದ ಸೋದರತ್ತೆ ಕೊನೇ ಸಾಲಿನಲ್ಲಿ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದರೆ ಹೊರಗಿನವರಿಗೆ ಅದು ಕಾಣುವುದಿಲ್ಲ, ನಿಮಗೆ ಕಾಣುತ್ತದೆ. ಕ್ಯಾಮೆರಾದ ಕೆಲಸವನ್ನೆಲ್ಲ ಮುಂಚೆಯೇ ಮುಗಿಸಿಕೊಳ್ಳಬೇಕಾದದ್ದು ಇದಕ್ಕೇ. ಅವತ್ತು ನಿಮ್ಮ ಕಣ್ಣು ಬಟನ್‌ಗಳ ಮೇಲಲ್ಲ, ಜನರ ಮೇಲಿರಬೇಕು.

ಒಂದು ವಾರ ಮುಂಚೆ

ಮನೆಯ ಹಿರಿಯರೊಬ್ಬರ ಜೊತೆ ಕೂತು ಹೆಸರು ಬರೆಯಿರಿ. ದೂರದಿಂದ ಬರುವವರು, ತುಂಬಾ ವಯಸ್ಸಾದವರು, ಅಪರೂಪಕ್ಕೆ ಒಟ್ಟಿಗೆ ಸೇರುವ ಅಣ್ಣತಮ್ಮಂದಿರು. ಯಾರನ್ನು ಯಾರ ಪಕ್ಕ ನಿಲ್ಲಿಸಬಾರದು ಎಂಬುದನ್ನೂ ಮೆಲ್ಲಗೆ ಕೇಳಿಕೊಳ್ಳಿ. ಇದು ಲೆನ್ಸ್‌ಗಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಆಮೇಲೆ ಹಾಲ್‌ಗೆ ಹೋಗಿ ಬನ್ನಿ. ಮದುವೆ ನಡೆಯುವ ಹೊತ್ತಿಗೇ ಹೋದರೆ ಒಳ್ಳೆಯದು, ಕಿಟಕಿ ಬೆಳಕು ಎಲ್ಲಿ ಬೀಳುತ್ತದೆ ಎಂದು ಗೊತ್ತಾಗುತ್ತದೆ. ಜೊತೆಗೆ ಬಂದವರನ್ನು ವೇದಿಕೆ ಮೇಲೆ ನಿಲ್ಲಿಸಿ ನಾಲ್ಕು ಫೋಟೊ ತೆಗೆದು ನೋಡಿ. ಫೋಟೊದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿ ಬಂದರೆ ಅದು ಎಲ್‌ಇಡಿ ದೀಪದ ಕೆಲಸ. 50 ಹರ್ಟ್ಸ್ ಕರೆಂಟ್ ಇರುವ ಕಡೆ ಕೆಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಶಟರ್ ಸ್ಪೀಡ್, ಅಂದರೆ ಒಂದು ಫೋಟೊಗೆ ಕ್ಯಾಮೆರಾ ಬೆಳಕು ಒಳಗೆ ಬಿಟ್ಟುಕೊಳ್ಳುವ ಸಮಯ, 1/100 ಸೆಕೆಂಡಿಗೆ ಇಳಿಸಿ, ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್ ಶಟರ್ ಹಾಕಿ. ಹೆಚ್ಚಿನ ಸಲ ಪಟ್ಟಿ ಹೋಗುತ್ತದೆ.

ಸೆಟ್ಟಿಂಗ್

ಪಟ್ಟಿಯ ಕಾಟ ಇಲ್ಲದ ಕಡೆ ನಿಂತವರಿಗೆ ಶಟರ್ ಸ್ಪೀಡ್ 1/125 ಸಾಕು. ನಡೆಯುವವರಿಗೆ 1/250, ಕುಣಿಯುವವರಿಗೆ, ಓಡುವ ಮಕ್ಕಳಿಗೆ 1/500. ಒಬ್ಬರೋ ಇಬ್ಬರೋ ಇದ್ದರೆ ಅಪರ್ಚರ್, ಅಂದರೆ ಲೆನ್ಸ್‌ನೊಳಗೆ ಬೆಳಕು ಬರುವ ಕಿಂಡಿ, ಎಫ್ 2.8ರ ಆಸುಪಾಸು. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಆಟೊದಲ್ಲಿರಲಿ. ಅದು 3200, 6400ಕ್ಕೆ ಏರಿದರೂ ಗಾಬರಿ ಬೇಡ. ಕಾಳುಕಾಳಾದ ಫೋಟೊವನ್ನು ಆಮೇಲೆ ಸರಿ ಮಾಡಬಹುದು, ಅಲುಗಾಡಿದ ಫೋಟೊವನ್ನು ಏನೂ ಮಾಡಲಾಗದು.

ಸೆನ್ಸರ್ ಕಂಡದ್ದನ್ನು ಹಾಗೆಯೇ ಉಳಿಸುವ ರಾ ಫೈಲ್‌ನಲ್ಲೇ ತೆಗೆಯಿರಿ. ಮಾಮೂಲಿ ಫೋಟೊ ಫೈಲ್ ಆದ ಜೆಪಿಇಜಿಯಲ್ಲಿ ಒಂದೊಂದು ಬಣ್ಣಕ್ಕೆ 256 ಹಂತ ಮಾತ್ರ, 14 ಬಿಟ್ ರಾದಲ್ಲಿ 16,384. ಮಿನುಗುವ ಒಡವೆ, ಬಿಳಿ ಬಟ್ಟೆ, ಗಾಢ ಬಣ್ಣ ಎಲ್ಲ ಒಂದೇ ಚೌಕಟ್ಟಿನಲ್ಲಿ ಬಂದಾಗ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಫ್ಲಾಶ್ ಅನ್ನು ನೇರ ಮುಖಕ್ಕೆ ಹೊಡೆಯಬೇಡಿ. ದೂರ ಎರಡು ಪಟ್ಟಾದರೆ ಅದರ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಮುಂದಿನವರು ಬಿಳಚಿಕೊಂಡು ಹಿಂದಿನವರು ಕತ್ತಲಲ್ಲಿ ಮುಳುಗುವುದು ಇದರಿಂದಲೇ. ಬಿಳಿ ಸೂರು ಇದ್ದರೆ ಫ್ಲಾಶ್‌ನ ತಲೆ ಮೇಲಕ್ಕೆ ತಿರುಗಿಸಿ, ಬೆಳಕು ಅಲ್ಲಿಂದ ಹರಡಿಕೊಂಡು ಇಳಿಯುತ್ತದೆ. ಬಣ್ಣದ ಸೂರಾದರೆ ಆ ಬಣ್ಣವೇ ಮುಖಕ್ಕೆ ಬಳಿದುಕೊಳ್ಳುತ್ತದೆ, ಅಲ್ಲಿ ಈ ಉಪಾಯ ಬೇಡ.

ಅಲಂಕಾರದ ಕೋಣೆ

ದಿನದ ಅತ್ಯುತ್ತಮ ಫೋಟೊಗಳು ಸಿಗುವ ಜಾಗ ಇದೇ ಎಂದು ನನಗೆ ಅನಿಸುತ್ತದೆ. ಜನ ಕಡಿಮೆ, ಅವಸರ ಕಡಿಮೆ. ಒಳಗಿನ ಹಳದಿ ದೀಪ ಆರಿಸಿ. ಹುಡುಗಿಯನ್ನು ಕಿಟಕಿಯಿಂದ ಒಂದು ಮಾರು ದೂರದಲ್ಲಿ, ಮುಖ ಸ್ವಲ್ಪ ಓರೆಯಾಗಿ ಬೆಳಕಿನ ಕಡೆ ತಿರುಗುವಂತೆ ಕೂರಿಸಿ. ಒಂದು ಕೆನ್ನೆ ಬೆಳಗುತ್ತದೆ, ಇನ್ನೊಂದು ಕೆನ್ನೆಗೆ ಮೆತ್ತನೆಯ ನೆರಳು ಬೀಳುತ್ತದೆ. ನೆರಳು ತೀರಾ ಕಪ್ಪಾಯಿತು ಅನಿಸಿದರೆ ಆ ಪಕ್ಕದಲ್ಲಿ ಯಾರಾದರೂ ಬಿಳಿ ಬೆಡ್‌ಶೀಟ್ ಹಿಡಿದು ನಿಲ್ಲಲಿ. ಹತ್ತಿರದ ಕಣ್ಣಿಗೆ ಫೋಕಸ್ ಮಾಡಿ. ‘ಇಲ್ಲಿ ನೋಡು’ ಎನ್ನಬೇಡಿ. ಅಮ್ಮ ಬಂದು ಮುಂಗುರುಳು ಸರಿ ಮಾಡುವ ತನಕ ಸುಮ್ನೆ ಕಾಯಿರಿ.

ಶಾಸ್ತ್ರ ನಡೆಯುವಾಗ ಕ್ಯಾಮೆರಾದ ಸದ್ದು ಆಫ್ ಮಾಡಿ, ಬದಿಯಲ್ಲೇ ಇರಿ. ಮುಖ್ಯ ಗಳಿಗೆಯಲ್ಲಿ ಎಲ್ಲರೂ ಜೋಡಿಯನ್ನೇ ನೋಡುತ್ತಿರುತ್ತಾರೆ. ಜೋಡಿಯ ಎರಡು ಫೋಟೊ ಆದ ಕೂಡಲೇ ನೀವು ಹಿಂದಕ್ಕೆ ತಿರುಗಿ. ಅಪ್ಪ ಅಮ್ಮನ ಮುಖ, ಅಜ್ಜಿಯ ಮುಖ ಆಗ ಹೇಗಿರುತ್ತದೆ ಎಂಬುದು ಬೇರೆ ಯಾರ ಹತ್ತಿರವೂ ಇರುವುದಿಲ್ಲ.

ಗುಂಪು ಫೋಟೊ

ಇಲ್ಲಿ ಗಲಾಟೆ ಗ್ಯಾರಂಟಿ. ಎರಡೂ ಕಡೆಯವರ ಪರಿಚಯ ಇರುವ, ದೊಡ್ಡ ಗಂಟಲಿನ ಒಬ್ಬರಿಗೆ ಪಟ್ಟಿ ಕೊಟ್ಟು ಹೆಸರು ಕೂಗಲು ಹೇಳಿ. ದೊಡ್ಡ ಗುಂಪು ಮೊದಲು. ಆಮೇಲೆ ಒಬ್ಬೊಬ್ಬರನ್ನೇ ಕಳಿಸುತ್ತಾ ಕೊನೆಗೆ ಜೋಡಿ ಮಾತ್ರ ಉಳಿಯಲಿ. ವಯಸ್ಸಾದವರಿಗೆ ಕುರ್ಚಿ ಹಾಕಿ, ಕಾಯಿಸಬೇಡಿ. ಹೊರಗೆ ತೆಗೆಯುವುದಾದರೆ ಎಲ್ಲರೂ ನೆರಳಿನಲ್ಲಿರಲಿ. ಅರ್ಧ ಬಿಸಿಲು ಅರ್ಧ ನೆರಳು ಅಂತೂ ಬೇಡವೇ ಬೇಡ.

ಎರಡು ಸಾಲಿಗೆ ಅಪರ್ಚರ್ ಎಫ್ 5.6, ಮೂರು ಸಾಲಿಗೆ ಎಫ್ 8. ತೀರಾ ಅಗಲದ ಲೆನ್ಸ್ ಹಾಕಿದರೆ ತುದಿಯಲ್ಲಿ ನಿಂತವರು ಇರುವುದಕ್ಕಿಂತ ದಪ್ಪ ಕಾಣುತ್ತಾರೆ. ಹಿಂದಕ್ಕೆ ಹೋಗಲು ಜಾಗ ಇದ್ದರೆ ದೊಡ್ಡ ಸೆನ್ಸರ್‌ನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 35ರಿಂದ 50 ಮಿ.ಮೀ. ಲೆನ್ಸ್ ಸರಿ.

ಯಾರೋ ಒಬ್ಬರು ಕಣ್ಣು ಮುಚ್ಚಿಯೇ ಮುಚ್ಚುತ್ತಾರೆ ಅಲ್ವಾ? ಇದಕ್ಕೂ ಲೆಕ್ಕ ಇದೆ. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಎಂಬ ವಿಜ್ಞಾನ ಸಂಶೋಧನಾ ಸಂಸ್ಥೆಯ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಇದನ್ನು ಲೆಕ್ಕ ಹಾಕಿ 2006ರಲ್ಲಿ ಇಗ್ ನೊಬೆಲ್ ಪಡೆದರು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ತಮಾಷೆಯ ಬಹುಮಾನ ಅದು. ಗುಂಪಿನಲ್ಲಿ 20ಕ್ಕಿಂತ ಕಡಿಮೆ ಜನ ಇದ್ದರೆ, ಬೆಳಕು ಚೆನ್ನಾಗಿದ್ದಾಗ ತಲೆ ಎಣಿಸಿ 3ರಿಂದ ಭಾಗಿಸಿ, ಬೆಳಕು ಕಮ್ಮಿ ಇದ್ದಾಗ 2ರಿಂದ. 18 ಜನರಿಗೆ 6 ಅಥವಾ 9 ಫೋಟೊ. ಅಷ್ಟು ತೆಗೆದರೆ ಎಲ್ಲರ ಕಣ್ಣೂ ತೆರೆದಿರುವ ಒಂದಾದರೂ ಸಿಗುತ್ತದೆ ಎಂದು ಹೆಚ್ಚುಕಮ್ಮಿ ನಂಬಬಹುದು.

ಹಾಗೆಯೇ ಒಂದೆರಡು ಸಲ ಕ್ಯಾಮೆರಾವನ್ನು ಆಟೊಗೆ ಹಾಕಿ ಇನ್ನೊಬ್ಬರ ಕೈಗೆ ಕೊಟ್ಟು ನೀವೂ ಗುಂಪಿನಲ್ಲಿ ನಿಲ್ಲಿ. ಆಲ್ಬಮ್ ತೆರೆದಾಗ ‘ನೀನೆಲ್ಲಿ?’ ಎಂದು ಅಕ್ಕ ಕೇಳಬಾರದು.

ಮದುವೆ ಮುಗಿದ ರಾತ್ರಿ

ಎಷ್ಟೇ ಸುಸ್ತಾಗಿದ್ದರೂ ಮಲಗುವ ಮೊದಲು ಕಾರ್ಡ್‌ನಲ್ಲಿರುವುದನ್ನೆಲ್ಲ ಎರಡು ಕಡೆ ಕಾಪಿ ಮಾಡಿ. ಒಂದು ಕಾಪಿ ಬೇರೆ ಮನೆಯಲ್ಲಿರಲಿ. ಎರಡೂ ಕಾಪಿ ತೆರೆದು ನೋಡುವ ತನಕ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ.

ಆರಿಸುವ ಕೆಲಸ ಎರಡು ದಿನ ಬಿಟ್ಟು ಮಾಡಿ. ಒಂದೇ ಥರದ್ದು ಹತ್ತಿದ್ದರೆ ಒಂದನ್ನು ಇಟ್ಟುಕೊಳ್ಳಿ. ಸಾವಿರಾರು ಫೋಟೊ ಕೊಟ್ಟರೆ ಯಾರೂ ಪೂರ್ತಿ ನೋಡುವುದಿಲ್ಲ, ನೂರೈವತ್ತು ಕೊಟ್ಟರೆ ಮತ್ತೆ ಮತ್ತೆ ನೋಡುತ್ತಾರೆ. ಮೊದಲು ಮದುಮಕ್ಕಳಿಗೆ ತೋರಿಸಿ. ಅವರು ಸರಿ ಅಂದಮೇಲೆ ಮಾತ್ರ ಬೇರೆಯವರಿಗೆ, ಆನ್‌ಲೈನ್‌ಗೆ. 4x6 ಇಂಚಿನ ಚೆನ್ನಾದ ಪ್ರಿಂಟ್‌ಗೆ ಸುಮಾರು 1200x1800 ಪಿಕ್ಸೆಲ್ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೊ ಥರ ಕಳಿಸಿದರೆ ಫೈಲ್ ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಪೆನ್‌ಡ್ರೈವ್‌ಗೆ ಹಾಕಿ ಕೈಗೇ ಕೊಡಿ.