ಹಿಂದಿನ ಬಾಕ್ಸಿಗೆ ನಾ ಡಿಲೇ ಯಾಕ ಹಾಕ್ತೀನಿ

ಗದಗ, ಹಾವೇರಿ ಕಡೆ ಜಾತ್ರಿ ನಾಟಕಕ್ಕ ಸೌಂಡ್ ಹಾಕೋ ಕೆಲಸ ನಂದು. ಹಿಂದ ಕುಂತವ್ರಿಗೆ ಕೇಳವಲ್ದು ಅಂದ್ರ ಎಲ್ಲಾರೂ ಹೇಳೂದು ಒಂದ ಮಾತು, ವಾಲ್ಯೂಮ್ ಏರಸ್ರಿ. ನಾ ಏರಸಂಗಿಲ್ಲ, ಬಯಲಾಗ ದೂರ ಡಬಲ್ ಆದಂಗೆಲ್ಲಾ ಸೌಂಡ್ ಹತ್ತಿರ ಹತ್ತಿರ 6 ಡೆಸಿಬಲ್ ಬೀಳತೈತಿ, ಹಿಂದಿನವ್ರಿಗೆ ಸಾಲೋಮಟ ಏರಸಿದ್ರ ಮುಂದ ಕುಂತ ಹುಡುಗ್ರು ಕಿವಿ ಮುಚ್ಕೊಂಡು ಎದ್ದು ಹೋಗ್ತಾವ. ಅದಕ್ಕ ಸ್ಟೇಜಿಂದ ಹಿಂದಕ್ಕ, ಜನರ ನಡುವ ಇನ್ನೊಂದು ಜೋಡಿ ಸ್ಪೀಕರ್ ಬಾಕ್ಸ್ ನಿಲ್ಲಸ್ತೀನಿ.

ಸುಮ್ನ ನಿಲ್ಲಿಸಿದ್ರ ಬ್ಯಾರೇನ ತಕರಾರು. ವೈರಿನಾಗ ಸಿಗ್ನಲ್ ಆಗಿಂದಾಗ ಹಿಂದ ಮುಟ್ಟಿರತೈತಿ, ಸ್ಟೇಜಿನ ಸೌಂಡ್ ಗಾಳ್ಯಾಗ ಬರಬೇಕಲ್ಲ, ಅದು ಸೊನ್ನೆ ಡಿಗ್ರಿಗೆ ಸೆಕೆಂಡಿಗೆ 331 ಮೀಟರ್, ಡಿಗ್ರಿಗೆ 0.6ರಂಗ ಕೂಡಸಿದ್ರ 30 ಡಿಗ್ರಿ ಸಂಜಿಗೆ 349. ಬಾಕ್ಸ್ 35 ಮೀಟರ್ ಹಿಂದಿದ್ರ 100 ಮಿಲಿಸೆಕೆಂಡ್ ತಡ. ಅಷ್ಟು ತಡಾ ಆದ್ರ ಕಿವಿ ಎರಡನ್ನೂ ಬ್ಯಾರೆ ಮಾಡಿ ಕೇಳತೈತಿ, ಡೈಲಾಗೆಲ್ಲಾ ಕಲಸುಮೇಲೋಗರ.

ನಾ ಟೇಪ್ ಹಿಡಿದು ಅಳದು ಲೆಕ್ಕದ ಡಿಲೇ ಹಾಕ್ತೀನಿ, ಅಂದ್ರ ಹಿಂದಿನ ಬಾಕ್ಸಿನ ಸೌಂಡ್ ಬೇಕಂತನ ಅಷ್ಟು ತಡಾ ಮಾಡ್ತೀನಿ, ಆಮ್ಯಾಲೆ ಕಿವಿಲೇ ನೋಡ್ತೀನಿ. ಹುಡುಗ ಸ್ಟೇಜ್ ಮೈಕ್ ಮುಂದ ಎರಡು ಕಟ್ಟಿಗಿ ತುಂಡು ಬಡೀತಾನ, ನಾ ಹಿಂದಿನ ಬಾಕ್ಸ್ ಬಾಜೂಕ ನಿಂತು ಮೊಬೈಲಿನಾಗ ಡಿಲೇ ಸರಸ್ತೀನಿ, ಟಕ್-ಟಕ್ ಅಂತಿದ್ದದ್ದು ಟಟಕ್ ಆಗಿ ಕಡೀಕ ಒಂದ ಟಕ್ ಆಗತೈತಿ. ಅಲ್ಲಿಗೇ ಬಿಡಂಗಿಲ್ಲ, ಮ್ಯಾಲೆ ಇನ್ನೊಂದು 10-15 ಮಿಲಿಸೆಕೆಂಡ್ ಕೂಡಸ್ತೀನಿ. ಯಾಕಂದ್ರ ಮೊದಲ ಬಂದ ಸೌಂಡ್ ಯಾವ ಕಡಿಂದ ಬಂತೋ ಎಲ್ಲಾ ಅಲ್ಲಿಂದನ ಬಂತು ಅಂತ ಕಿವಿ ತಿಳ್ಕೊತೈತಿ, ಸುಮಾರು 30 ಮಿಲಿಸೆಕೆಂಡ್ ಒಳಗ ಬಂದ ಎರಡನೇದ್ದು ಸ್ವಲ್ಪ ಜೋರಿದ್ರೂ ಅದರಾಗ ಸೇರಸ್ಕೊಂಡು ಬಿಡತೈತಿ. ಜರ್ಮನಿಯ ಹೆಲ್ಮುಟ್ ಹಾಸ್ 1949ರಾಗ ಇದರ ಮ್ಯಾಲೇನ ಪಿಎಚ್‌ಡಿ ಮಾಡ್ಯಾನ, ಹಾಸ್ ಎಫೆಕ್ಟ್ ಅಂತಾರ. ಬಾಕ್ಸ್ ಬಾಜೂಕ ಕುಂತ ಕಮಿಟಿ ಹಿರಿಯಾರು "ಇದು ಬಂದ್ ಐತೇನೋ ತಮ್ಮಾ" ಅಂತ ಕೇಳಿದ್ರ ಸೆಟ್ಟಿಂಗ್ ಬರೋಬ್ಬರಿ ಅಂತ ಲೆಕ್ಕ. ಒಂದ್ಸಲ ಮ್ಯೂಟ್ ಮಾಡಿ ತೋರಸ್ತೀನಿ, ಸುಮ್ನಾಗ್ತಾರ.

ಆ ಬಾಕ್ಸಿನ ಬೇಸ್, ಅಂದ್ರ ದಪ್ಪ ಸೌಂಡ್ ಕಡಿಮಿ ಮಾಡ್ತೀನಿ, ಅದು ಮುಂದಿಂದನ ಸಾಕಷ್ಟು ಬರತೈತಿ. 2ರಿಂದ 4 ಕಿಲೋಹರ್ಟ್ಜ್ ನಡುವಿನ ಚೂಪು ಸೌಂಡ್ ಮಾತ್ರ ಒಂಚೂರು ಎತ್ತತೀನಿ, ಕ ಚ ತ ಸ್ಪಷ್ಟ ಆಗೂದು ಅಲ್ಲೇ. ಕಿವಿ ತೂತೂ ಎರಡೂವರೆ ಸೆಂಟಿಮೀಟರಿನ ಒಂದು ಕಡೆ ಮುಚ್ಚಿದ ಕೊಳವಿ, 3 ಕಿಲೋಹರ್ಟ್ಜ್ ಸುತ್ತಮುತ್ತ ತಾನ ಗುಂಯ್‌ಗುಡತೈತಿ, ಹಿಂಗಾಗಿ ಜಾಸ್ತಿ ಎತ್ತಿದ್ರ ಚುಚ್ಚತೈತಿ.

ರಾತ್ರಿ 20 ಡಿಗ್ರಿಗೆ ಇಳದ್ರ ಡಿಲೇ 2 ಮಿಲಿಸೆಕೆಂಡ್ ಅಷ್ಟ ಬದಲಾಗತೈತಿ, ಮುಟ್ಟಂಗಿಲ್ಲ. ಆದ್ರ ಗಾಳಿ ಇಲ್ದ ರಾತ್ರಿ ನೆಲ ತಣ್ಣಗಾಗಿ ಮ್ಯಾಲಿನ ಗಾಳಿ ಬೆಚ್ಚಗಿರತೈತಿ ನೋಡ್ರಿ, ಆವಾಗ ಸೌಂಡ್ ಮ್ಯಾಲೆ ಹೋಗೂದು ಬಿಟ್ಟು ಕೆಳಗ ಬಾಗಿ ಬಾಜೂ ಊರಿಗೂ ಮುಟ್ಟತೈತಿ, ಅಲ್ಲಿಂದ ಫೋನ್ ಬರೋಕಿಂತ ಮೊದಲ ಮಾಸ್ಟರ್ ವಾಲ್ಯೂಮ್ ಇಳಸಿರ್ತೀನಿ.