ಆಡಿಯೊ, ಫೋಟೊ ಫೈಲುಗಳಿಗೆ ಎಂದೂ ಮರುಕಳಿಸದ ಗುರುತಿನ ಸಂಖ್ಯೆ ಕೊಡುವ ಕ್ರಮ

ರಾತ್ರಿ 9ಕ್ಕೆ ಶುರುವಾಗಿ ಬೆಳಗ್ಗೆ 6ಕ್ಕೆ ಮುಗಿಯುವ ಯಕ್ಷಗಾನದ ಆಟವೊಂದನ್ನು ಯಾರೋ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದಾರೆ ಎಂದುಕೊಳ್ಳಿ. 9 ಗಂಟೆ ಎಂದರೆ 90 ನಿಮಿಷದ ಕ್ಯಾಸೆಟ್ಟು 6, ಸೈಡು 12. ಕಂಪ್ಯೂಟರಿಗೆ ಇಳಿಸಿದಾಗ 12 ವೇವ್ ಫೈಲು, ಸುಯ್ ಎನ್ನುವ ಸದ್ದು ತೆಗೆದ ಪ್ರತಿ 12, ಮೊಬೈಲಿನಲ್ಲಿ ಕೇಳಲು ಎಂಪಿ3 12. ಒಂದು ಆಟಕ್ಕೇ 36 ಫೈಲು. ಇಂಥ 200 ಆಟಗಳ ಸಂಗ್ರಹವಾದರೆ 7,200. ಅಷ್ಟಕ್ಕೂ ‘ಭಾಗ2-ಹೊಸದು-ಫೈನಲ್’ ಎಂಬ ಧಾಟಿಯ ಹೆಸರಿದ್ದರೆ ಎರಡೇ ವರ್ಷದಲ್ಲಿ ಯಾವುದು ಮೂಲ, ಯಾವುದು ನಕಲು ಎಂಬುದು ಇಳಿಸಿದವರಿಗೇ ತಿಳಿಯದಾಗುತ್ತದೆ. ಮತ್ತೆ ಇಳಿಸೋಣವೆಂದರೆ ಆ ಟೇಪು ಇನ್ನೊಮ್ಮೆ ಓಡುತ್ತದೆಂಬ ಖಾತರಿ ಇಲ್ಲ. ಆದ್ದರಿಂದ ಸಂಖ್ಯೆ ಕೊಡುವ ಕೆಲಸ ರೆಕಾರ್ಡಿಂಗ್ ಶುರು ಮಾಡುವ ಮೊದಲೇ ಆಗಬೇಕು. ಇಲ್ಲಿ ಕ್ಯಾಸೆಟ್ಟನ್ನೇ ಉದಾಹರಣೆಗೆ ಇಟ್ಟುಕೊಂಡಿದ್ದೇವೆ. ಫೋಟೊ, ವಿಡಿಯೊಗಳಿಗೂ ಇದೇ ಕ್ರಮ ನಡೆಯುತ್ತದೆ.

ಸಂಖ್ಯೆ ಯಾವುದಕ್ಕೆ?

ಆ ರಾತ್ರಿ ನಡೆದ ಆಟ, ಕೈಯಲ್ಲಿರುವ ಕ್ಯಾಸೆಟ್ಟು, ಡಿಸ್ಕಿನಲ್ಲಿರುವ ಫೈಲು, ಇವು ಮೂರೂ ಬೇರೆ ಬೇರೆ. ಮೂರಕ್ಕೂ ಒಂದೇ ಸಂಖ್ಯೆ ಹಚ್ಚಿದರೆ, ಅದೇ ಆಟದ ಇನ್ನೊಂದು ಕ್ಯಾಸೆಟ್ಟು ಬೇರೊಂದು ಮನೆಯಿಂದ ಬಂದ ದಿನ ಲೆಕ್ಕ ತಪ್ಪುತ್ತದೆ. ಕ್ಯಾಸೆಟ್ಟಿಗೆ ಮನುಷ್ಯರು ಓದಿ ಬರೆಯಬಲ್ಲ ಚಿಕ್ಕ ಸಂಖ್ಯೆ ಕೊಡಿ. ಪ್ರತಿ ಫೈಲಿಗೂ ಕಂಪ್ಯೂಟರು ಹುಟ್ಟಿಸುವ ಉದ್ದದ ಸಂಖ್ಯೆ ಇರಲಿ. ಇದನ್ನೆಲ್ಲ ನಮೂದಿಸುವ ಪಟ್ಟಿಯಲ್ಲಿ (ಎಕ್ಸೆಲ್ ಹಾಳೆ ಅಥವಾ ಡೇಟಾಬೇಸ್) ಆಟಕ್ಕೆ ಪ್ರತ್ಯೇಕ ಸಾಲು ಇಟ್ಟು, ಕ್ಯಾಸೆಟ್ಟುಗಳನ್ನು ಅದಕ್ಕೆ ಜೋಡಿಸಿ.

ಸಂಖ್ಯೆಯೊಳಗೆ ಮೇಳದ ಹೆಸರು, ಊರು, ವರ್ಷ ತುರುಕುವ ಆಸೆ ಎಲ್ಲರಿಗೂ ಬರುತ್ತದೆ. ದಯವಿಟ್ಟು ಬೇಡ. ಚೀಟಿಯಲ್ಲಿ 1984 ಎಂದಿರುತ್ತದೆ. ಕೇಳುತ್ತಾ ಹೋದರೆ ಮೈಕಿನ ಪ್ರಕಟಣೆಯಲ್ಲಿ 1986 ಎಂದು ಹೊರಬೀಳುತ್ತದೆ. ಆಗ ಸಂಖ್ಯೆ ಬದಲಿಸಿದರೆ ಹಳೆಯ ಉಲ್ಲೇಖಗಳೆಲ್ಲ ಕಡಿದುಹೋಗುತ್ತವೆ, ಬದಲಿಸದಿದ್ದರೆ ತಪ್ಪು ಮಾಹಿತಿ ಹಣೆಯ ಮೇಲೆ ಕೂತಿರುತ್ತದೆ. ವಿವರಕ್ಕೆ ಪಟ್ಟಿಯಲ್ಲಿ ಬೇಕಾದಷ್ಟು ಕಾಲಮ್ಮುಗಳಿವೆ. ಸಂಖ್ಯೆ ಬರೀ ಸಂಖ್ಯೆಯಾಗಿರಲಿ.

ಹಾಡುಗಳನ್ನು ಮಾರಾಟಕ್ಕೆ ಬಿಡುವವರಿಗೆ ಐಎಸ್‌ಆರ್‌ಸಿ ಎಂಬ 12 ಅಕ್ಷರದ ಅಂತರರಾಷ್ಟ್ರೀಯ ಸಂಕೇತ ಬೇಕಾಗುತ್ತದೆ. ಅದು ಧ್ವನಿಮುದ್ರಣಕ್ಕೆ ಸೇರಿದ್ದು, ಫೈಲಿಗಲ್ಲ. ಒಂದೇ ಮುದ್ರಣದ ವೇವ್‌ಗೂ ಎಂಪಿ3ಗೂ ಒಂದೇ ಸಂಕೇತ. ಅದರಲ್ಲಿರುವ ಎರಡಂಕಿಯ ವರ್ಷ ಸಂಕೇತ ಕೊಟ್ಟ ವರ್ಷವೇ ಹೊರತು ಹಾಡಿದ ವರ್ಷವಲ್ಲ. ಹಾಗಾಗಿ ಅದು ನಿಮ್ಮ ಫೈಲು ಸಂಖ್ಯೆಯ ಜಾಗ ತುಂಬಲಾರದು. ಇದ್ದರೆ ಪ್ರತ್ಯೇಕ ಕಾಲಮ್ಮಿನಲ್ಲಿ ಇಡಿ.

ಚಿಕ್ಕ ಸಂಖ್ಯೆ, ಬಾಲಕ್ಕೆ ಎರಡು ತಾಳೆ ಅಂಕಿ

1ರಿಂದ ಶುರು ಮಾಡಬೇಡಿ, 100001ರಿಂದ ಮಾಡಿ. 000001 ಎಂದು ಬರೆದರೆ ಎಕ್ಸೆಲ್ ಮುಂದಿನ ಸೊನ್ನೆಗಳನ್ನು ನುಂಗಿ 1 ಎಂದಷ್ಟೇ ಉಳಿಸುತ್ತದೆ. 1 ಲಕ್ಷದಿಂದ ಹೊರಟರೆ ಆ ತಾಪತ್ರಯ ಹುಟ್ಟುವುದೇ ಇಲ್ಲ.

ಕೈಬರಹದಲ್ಲಿ 4217 ಎಂಬುದು 4271 ಆಗುವುದು ಕಣ್ಣಿಗೆ ಬೀಳದ ತಪ್ಪು. ಅದನ್ನು ಹಿಡಿಯಲು ಸಂಖ್ಯೆಯ ಕೊನೆಗೆ ಎರಡು ತಾಳೆ ಅಂಕಿ ಸೇರಿಸಿ. ವಿದೇಶದ ಬ್ಯಾಂಕ್ ಖಾತೆಗಳ ಐಬ್ಯಾನ್ ಸಂಖ್ಯೆಯಲ್ಲಿ ಬಳಸುವ 97ರ ಲೆಕ್ಕವೇ ಇದು. ಸಂಖ್ಯೆಯನ್ನು 100ರಿಂದ ಗುಣಿಸಿ, 97ರಿಂದ ಭಾಗಿಸಿ, ಶೇಷವನ್ನು 98ರಿಂದ ಕಳೆಯಿರಿ.

104217 ತೆಗೆದುಕೊಳ್ಳೋಣ. ನೂರರಿಂದ ಗುಣಿಸಿದರೆ 10421700. ಅದನ್ನು 97ರಿಂದ ಭಾಗಿಸಿದರೆ ಶೇಷ 20. 98ರಲ್ಲಿ 20 ಕಳೆದರೆ 78. ಕ್ಯಾಸೆಟ್ಟಿನ ಮೇಲೆ ಬರೆಯಬೇಕಾದ್ದು 104217-78. ಉತ್ತರ ಒಂದೇ ಅಂಕಿಯಾದರೆ ಮುಂದೆ ಸೊನ್ನೆ ಸೇರಿಸಿ, 5 ಬಂದರೆ 05. ಪರೀಕ್ಷೆ ಇನ್ನೂ ಸುಲಭ: ಗೆರೆ ತೆಗೆದು 10421778 ಅನ್ನು 97ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಅಂಕಿ ಅದಲುಬದಲಾಗಿ 10427178 ಎಂದು ಬರೆದಿದ್ದರೆ ಶೇಷ 66 ಬರುತ್ತದೆ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. 97 ಅವಿಭಾಜ್ಯ ಸಂಖ್ಯೆಯಾದ್ದರಿಂದ ಒಂದು ಅಂಕಿ ತಪ್ಪಾದರೂ, ಅಕ್ಕಪಕ್ಕದ ಎರಡು ಅಂಕಿ ಸ್ಥಳ ಬದಲಿಸಿದರೂ ಈ ಲೆಕ್ಕ ತಪ್ಪದೆ ಹಿಡಿಯುತ್ತದೆ. ಎಕ್ಸೆಲ್‌ನಲ್ಲಿ ಶೇಷ ಕೊಡುವ ಸೂತ್ರದ ಹೆಸರು ಮಾಡ್; ಒಂದು ಕಾಲಮ್ಮಿಗೆ ಹಾಕಿ ಕೆಳಗೆಳೆದರೆ ಸಾಕು.

ಸಂಖ್ಯೆಯನ್ನು ಕ್ಯಾಸೆಟ್ಟಿನ ಮೈಮೇಲೇ ಬರೆಯಿರಿ. ಡಬ್ಬಿಯ ಮೇಲೆ ಮಾತ್ರ ಬರೆದರೆ, ಮೇಜಿನ ಮೇಲೆ ನಾಲ್ಕು ಡಬ್ಬಿ ತೆರೆದಿಟ್ಟ ಹೊತ್ತಿನಲ್ಲಿ ಅದಲುಬದಲಾಗುವುದು ಖಂಡಿತ.

ಇಬ್ಬರು ಒಂದೇ ಹೊತ್ತಿಗೆ ಪಟ್ಟಿ ತೆರೆದು ‘ಮುಂದಿನ ಸಂಖ್ಯೆ’ ಬರೆದರೆ ಒಂದೇ ಸಂಖ್ಯೆ ಎರಡು ಕ್ಯಾಸೆಟ್ಟಿಗೆ ಬೀಳುತ್ತದೆ. ಕೆಲಸ ಎರಡು ಕಡೆ ನಡೆಯುವುದಾದರೆ ಮೊದಲೇ ಪಾಲು ಮಾಡಿ: ಒಬ್ಬರಿಗೆ 100001ರಿಂದ 149999, ಇನ್ನೊಬ್ಬರಿಗೆ 150001ರಿಂದ ಮುಂದಕ್ಕೆ. ಮಧ್ಯೆ ಖಾಲಿ ಉಳಿದರೆ ನಷ್ಟವೇನೂ ಇಲ್ಲ. ಒಮ್ಮೆ ಕೊಟ್ಟ ಸಂಖ್ಯೆಯನ್ನು ಮತ್ತೆ ಕೊಡಬಾರದು. ಕ್ಯಾಸೆಟ್ಟು ಹಾಳಾಗಿ ಎಸೆದರೂ ಅದರ ಸಾಲು ‘ರದ್ದು’ ಎಂಬ ಟಿಪ್ಪಣಿಯೊಂದಿಗೆ ಹಾಗೇ ಇರಲಿ.

ಫೈಲಿಗೆ ಯುಯುಐಡಿ

ಫೈಲುಗಳಿಗೆ ಯುಯುಐಡಿ ಬಳಸಿ. ಮೇಲೆ ಹೇಳಿದ, ಕಂಪ್ಯೂಟರು ಹುಟ್ಟಿಸುವ ಉದ್ದದ ಸಂಖ್ಯೆ ಇದೇ; 128 ಬಿಟ್ಟಿನದು. 0ರಿಂದ 9 ಮತ್ತು ಇಂಗ್ಲಿಷಿನ ಎ-ಯಿಂದ ಎಫ್‌ವರೆಗಿನ ಅಕ್ಷರಗಳಲ್ಲಿ ಬರೆದರೆ 32 ಸ್ಥಾನ. 8, 4, 4, 4, 12ರ ಗುಂಪು ಮಾಡಿ ನಡುವೆ ನಾಲ್ಕು ಗೆರೆ ಸೇರಿಸಿದರೆ 36. ಯಾವ ಕಚೇರಿಯನ್ನೂ ಕೇಳಬೇಕಿಲ್ಲ, ಇಂಟರ್ನೆಟ್ ಕೂಡ ಬೇಡ.

ವಿಂಡೋಸ್‌ನ ಪವರ್‌ಶೆಲ್‌ನಲ್ಲಿ (ಆದೇಶ ಟೈಪಿಸುವ ಕಿಟಕಿ) ನ್ಯೂ-ಗುಯಿಡ್, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಯುಯುಐಡಿಜೆನ್ ಎಂಬ ಆದೇಶ ಕೊಟ್ಟರೆ ಒಂದು ಸಿಗುತ್ತದೆ (ಟೈಪಿಸುವುದು ಇಂಗ್ಲಿಷ್ ಅಕ್ಷರದಲ್ಲೇ). ಮ್ಯಾಕ್ ದೊಡ್ಡಕ್ಷರದಲ್ಲಿ ಕೊಡುತ್ತದೆ, ಲಿನಕ್ಸ್ ಚಿಕ್ಕಕ್ಷರದಲ್ಲಿ. ಎರಡೂ ಸೇರಿದ ಪಟ್ಟಿಯಲ್ಲಿ ಹೋಲಿಕೆ ತಪ್ಪಬಹುದು, ಆದ್ದರಿಂದ ಎಲ್ಲವನ್ನೂ ಚಿಕ್ಕಕ್ಷರಕ್ಕೆ ತಿರುಗಿಸಿಯೇ ಉಳಿಸಿ.

ಯುಯುಐಡಿಯ ಬಗೆಗಳು ಹಲವಿದ್ದರೂ ಈ ಕೆಲಸಕ್ಕೆ ಬೇಕಾದವು ಎರಡು. 4ನೇ ಬಗೆಯಲ್ಲಿ 122 ಬಿಟ್ಟುಗಳು ಪೂರ್ತಿ ಯಾದೃಚ್ಛಿಕ, ಎಂದರೆ ಲಾಟರಿಯಂತೆ ಎತ್ತಿದ್ದು. 2024ರ ಮಾನದಂಡದಲ್ಲಿ ಸೇರಿದ 7ನೇ ಬಗೆಯಲ್ಲಿ ಮೊದಲ 48 ಬಿಟ್ಟು ಆ ಕ್ಷಣದ ಮಿಲಿಸೆಕೆಂಡ್ ಸಮಯ, ಉಳಿದದ್ದು ಬಹುಪಾಲು ಯಾದೃಚ್ಛಿಕ. ಹೀಗಾಗಿ ಅದು ಹುಟ್ಟಿದ ಕ್ರಮದಲ್ಲೇ ಜೋಡಣೆಯಾಗುತ್ತದೆ. ಡೇಟಾಬೇಸ್ ಇದ್ದರೆ 7, ಎಕ್ಸೆಲ್ ಪಟ್ಟಿಯಾದರೆ 4 ಸಾಕು. ಮೂರನೇ ಗುಂಪಿನ ಮೊದಲ ಅಂಕಿ ನೋಡಿದರೆ ಯಾವ ಬಗೆಯೆಂದು ತಿಳಿಯುತ್ತದೆ.

ಉದ್ದವಾಯಿತೆಂದು ಮೊದಲ 8 ಸ್ಥಾನ ಮಾತ್ರ ಕತ್ತರಿಸಿ ಬಳಸುವವರಿದ್ದಾರೆ. ಇಲ್ಲೇ ಕೆಲಸ ಕೆಡುವುದು. 8 ಸ್ಥಾನವೆಂದರೆ 32 ಬಿಟ್ಟು, ಸುಮಾರು 430 ಕೋಟಿ ಸಂಖ್ಯೆ. ಅಷ್ಟಿದ್ದರೂ ಸುಮಾರು 77,000 ಫೈಲಾಗುವ ಹೊತ್ತಿಗೆ ಯಾವುದಾದರೂ ಎರಡು ಡಿಕ್ಕಿ ಹೊಡೆಯುವ ಸಾಧ್ಯತೆ ಅರ್ಧಕ್ಕರ್ಧ. 23 ಜನರ ಗುಂಪಿನಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಲೆಕ್ಕವೇ ಇದು. 7ನೇ ಬಗೆಯನ್ನು ಕತ್ತರಿಸಿದರಂತೂ ಅನಾಹುತ: ಅದರ ಮೊದಲ 8 ಸ್ಥಾನ ಬರೀ ಸಮಯ, ಅದು ಬದಲಾಗುವುದು ಸುಮಾರು 65 ಸೆಕೆಂಡಿಗೊಮ್ಮೆ. ಒಂದೇ ನಿಮಿಷದಲ್ಲಿ ಹುಟ್ಟಿಸಿದ 500 ಸಂಖ್ಯೆಗಳಿಗೂ ಒಂದೇ ತಲೆ ಬಂದರೂ ಬಂತು.

ಎಕ್ಸೆಲ್‌ನ ರ‍್ಯಾಂಡ್‌ಬಿಟ್ವೀನ್ ಸೂತ್ರದಿಂದಲೂ ಸಂಖ್ಯೆ ಹುಟ್ಟಿಸಬೇಡಿ. ಹಾಳೆಯಲ್ಲಿ ಬೇರೆಲ್ಲೋ ಒಂದು ಮನೆ (ಸೆಲ್) ತುಂಬಿದರೂ ಆ ಸೂತ್ರ ಮತ್ತೆ ಓಡಿ ಹಳೆಯ ಸಂಖ್ಯೆಗಳೆಲ್ಲ ಬದಲಾಗುತ್ತವೆ.

ಕನ್ನಡದ ಹೆಸರಿನಲ್ಲಿ ಅಡಗಿರುವ ತೊಡಕು

ಫೈಲಿಗೆ ಕನ್ನಡದಲ್ಲೇ ಹೆಸರಿಡಬೇಕೆಂಬ ಆಸೆ ಸರಿಯಾದದ್ದೇ. ಆದರೆ ಆ ಹೆಸರನ್ನೇ ಗುರುತಾಗಿ ನೆಚ್ಚಬಾರದು. ‘ಕೋಟ’ ಎಂಬ ಪದ ನೋಡಿ. ಯೂನಿಕೋಡ್‌ನಲ್ಲಿ ಅದನ್ನು ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಬರೆಯಬಹುದು: ಕ, ಓತ್ವದ ಇಡೀ ಚಿಹ್ನೆ, ಟ, ಹೀಗೆ 3 ಸಂಕೇತ, ಅಥವಾ ಕ, ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘ ಚಿಹ್ನೆ, ಟ, ಹೀಗೆ 5. ಪರದೆಯ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದು. ಯೂನಿಕೋಡನ್ನು ಡಿಸ್ಕಿನಲ್ಲಿ ಬರೆದಿಡುವ ಯುಟಿಎಫ್-8 ರೂಪದಲ್ಲಿ ಮೊದಲನೆಯದು 9 ಬೈಟು, ಎರಡನೆಯದು 15. ಲಿನಕ್ಸ್‌ನಲ್ಲಿ ಇವೆರಡು ಬೇರೆ ಬೇರೆ ಫೈಲುಗಳಾಗಿ ಅಕ್ಕಪಕ್ಕ ಕೂರಬಲ್ಲವು. ಹಳೆಯ ಮ್ಯಾಕ್ ಡಿಸ್ಕುಗಳು ಹೆಸರನ್ನು ಬಿಡಿಸಿದ ರೂಪದಲ್ಲಿ ಇಡುತ್ತಿದ್ದುದರಿಂದ ಅಲ್ಲಿಂದ ಬಂದ ಫೈಲುಗಳಲ್ಲಿ ಇದು ಸಾಮಾನ್ಯ. ಅಕ್ಷರ ಕೂಡದಂತೆ ತಡೆಯುವ ಕಾಣದ ಚಿಹ್ನೆಯೂ ಹೀಗೇ ಕಾಟ ಕೊಡುತ್ತದೆ. ಕನ್ನಡದ ಸೊನ್ನೆ, ಅನುಸ್ವಾರ, ಇಂಗ್ಲಿಷ್ ಸೊನ್ನೆ ಮೂರೂ ನೋಡಲು ಒಂದೇ ದುಂಡಗೆ, ಒಳಗೆ ಮೂರು ಬೇರೆ ಸಂಕೇತ.

ಫೈಲಿನ ಹೆಸರಿಗೆ 0ರಿಂದ 9, ಇಂಗ್ಲಿಷ್ ಚಿಕ್ಕಕ್ಷರ, ಅಡ್ಡಗೆರೆ ಇಷ್ಟೇ ಬಳಸಿ: ಎ ಸೈಡಿಗೆ 104217-78-1, ಬಿ ಸೈಡಿಗೆ 104217-78-2. ಕನ್ನಡದ ಹೆಸರು ಪಟ್ಟಿಯಲ್ಲೂ ಫೈಲಿನೊಳಗಿನ ಶೀರ್ಷಿಕೆಯಲ್ಲೂ ಚೆನ್ನಾಗಿ, ಪೂರ್ತಿಯಾಗಿ ಇರಲಿ. ಪಟ್ಟಿಯ ಕನ್ನಡ ಪದಗಳನ್ನು ಹೋಲಿಸುವ ಮೊದಲು ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ ತಂದುಕೊಳ್ಳಿ.

ಹ್ಯಾಶ್ ಬೇರೆ, ಗುರುತು ಬೇರೆ

ಎಸ್‌ಎಚ್‌ಎ-256 ಹ್ಯಾಶ್ ಫೈಲಿನ ಪ್ರತಿ ಬೈಟನ್ನೂ ಓದಿ 64 ಸ್ಥಾನದ ಸಂಖ್ಯೆ ಕೊಡುತ್ತದೆ. ಫೈಲು ಹಾಳಾಗಿದೆಯೇ, ನಕಲು ಸರಿಯಾಗಿ ಬಂದಿದೆಯೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಆದರೆ ಅದನ್ನೇ ಗುರುತಿನ ಸಂಖ್ಯೆ ಮಾಡಿಕೊಂಡರೆ, ಶೀರ್ಷಿಕೆಯ ಒಂದು ಕಾಗುಣಿತ ತಿದ್ದಿದೊಡನೆ ಗುರುತೇ ಬದಲಾಗುತ್ತದೆ. ಎಂಡಿ5 ಎಂಬ ಹಳೆಯ ಹ್ಯಾಶ್ ಬಿಟ್ಟುಬಿಡಿ. ಬೇರೆ ಬೇರೆ ಫೈಲಿಗೆ ಒಂದೇ ಎಂಡಿ5 ಬರುವಂತೆ ಮಾಡಬಹುದೆಂದು 2004ರಲ್ಲೇ ತೋರಿಸಲಾಗಿದೆ.

ಪವರ್‌ಶೆಲ್‌ನಲ್ಲಿ ಗೆಟ್-ಫೈಲ್‌ಹ್ಯಾಶ್, ಲಿನಕ್ಸ್‌ನಲ್ಲಿ ಶಾ256ಸಮ್ ಆದೇಶ ಇದನ್ನು ಕೊಡುತ್ತದೆ. 24 ಬಿಟ್, 96 ಕಿಲೊಹರ್ಟ್ಸ್ ಸ್ಟೀರಿಯೊದಲ್ಲಿ ಇಳಿಸಿದ 45 ನಿಮಿಷದ ಸೈಡು ಸುಮಾರು 1.5 ಜಿಬಿ, ಸಾಧಾರಣ ಯುಎಸ್‌ಬಿ ಹಾರ್ಡ್ ಡಿಸ್ಕಿನಲ್ಲಿ ಲೆಕ್ಕಕ್ಕೆ 15–20 ಸೆಕೆಂಡು ಹಿಡಿಯಬಹುದು.

ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದ್ದು ಮತ್ತೆ ಕುಗ್ಗಿ, ಒಳಗಿನ ಮಾಹಿತಿ ಕಳೆದುಕೊಂಡು ತಲುಪುತ್ತದೆ. ಅದರ ಹ್ಯಾಶ್ ಮೂಲದ್ದಕ್ಕೆ ತಾಳೆಯಾಗುವುದಿಲ್ಲ. ಮೂಲವೇ ಬೇಕಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಸಂಖ್ಯೆಯನ್ನು ಫೈಲಿನೊಳಗೆ ಬರೆಯುವುದು

ಹೆಸರನ್ನು ಯಾರು ಬೇಕಾದರೂ ಬದಲಿಸುತ್ತಾರೆ. ಆದ್ದರಿಂದ ಯುಯುಐಡಿ ಫೈಲಿನ ಒಳಗೂ ಇರಬೇಕು. ಬ್ರಾಡ್‌ಕಾಸ್ಟ್ ವೇವ್ (ಮಾಹಿತಿ ಬರೆಯುವ ಜಾಗವೂ ಇರುವ ವೇವ್) ಫೈಲಿನಲ್ಲಿ ಒರಿಜಿನೇಟರ್ ರೆಫರೆನ್ಸ್ ಎಂಬ ಜಾಗವಿದೆ, ಅದರ ಅಳತೆ ಸರಿಯಾಗಿ 32 ಅಕ್ಷರ. ಗೆರೆಗಳಿರುವ 36 ಅಕ್ಷರದ ರೂಪ ಹಿಡಿಸದೆ ಬಾಲ ಕತ್ತರಿಸಿಹೋಗುತ್ತದೆ. ನಾಲ್ಕು ಗೆರೆ ತೆಗೆದರೆ ಅಳೆದಿಟ್ಟಂತೆ ಕೂರುತ್ತದೆ. ಫೋಟೊದೊಳಗಿನ ಮಾಹಿತಿ ಭಾಗವಾದ ಎಕ್ಸಿಫ್‌ನಲ್ಲಿರುವ ಇಮೇಜ್ ಯುನಿಕ್ ಐಡಿ ಜಾಗವೂ ಅಷ್ಟೇ ಅಳತೆಯದು. ಮೊದಲನೆಯದಕ್ಕೆ ಬಿಡಬ್ಲ್ಯುಎಫ್ ಮೆಟಾಎಡಿಟ್, ಎರಡನೆಯದಕ್ಕೆ ಎಕ್ಸಿಫ್‌ಟೂಲ್, ಎರಡೂ ಉಚಿತ ತಂತ್ರಾಂಶ. ಎಕ್ಸಿಫ್‌ಟೂಲ್ ಬರೆಯುವಾಗ ಹಳೆಯ ಪ್ರತಿಯನ್ನು ‘ಒರಿಜಿನಲ್’ ಎಂಬ ಬಾಲದೊಂದಿಗೆ ಪಕ್ಕದಲ್ಲೇ ಉಳಿಸುತ್ತದೆ. ಹೊಸದು ಸರಿಯಿದೆಯೆಂದು ನೋಡಿಕೊಂಡ ಮೇಲೆ ಅದನ್ನು ತೆಗೆಯಿರಿ, ಇಲ್ಲವಾದರೆ ಮುಂದಿನ ಎಣಿಕೆಯಲ್ಲಿ ಎಲ್ಲವೂ ಎರಡೆರಡು.

ಕ್ರಮ ಹಿಂದುಮುಂದಾಗಬಾರದು. ಮೊದಲು ಕ್ಯಾಸೆಟ್ಟಿನ ಮೇಲೆ ಸಂಖ್ಯೆ, ಪಟ್ಟಿಯಲ್ಲಿ ಸಾಲು. ಆಮೇಲೆ ಇಳಿಸುವುದು, ಹೆಸರಿಡುವುದು, ಯುಯುಐಡಿ ಒಳಗೆ ಬರೆಯುವುದು. ಎಲ್ಲ ಮುಗಿದ ಮೇಲೆ ಹ್ಯಾಶ್. ಹ್ಯಾಶ್ ಮೊದಲು ತೆಗೆದು ಸಂಖ್ಯೆಯನ್ನು ನಂತರ ಬರೆದರೆ, ಮುಂದಿನ ತಪಾಸಣೆಯಲ್ಲಿ ಚೆನ್ನಾಗಿರುವ ಫೈಲುಗಳೆಲ್ಲ ‘ಹಾಳಾಗಿದೆ’ ಎಂದು ತೋರುತ್ತವೆ. ಸದ್ದು ತೆಗೆದ ಪ್ರತಿಗೂ ಎಂಪಿ3ಗೂ ಹೊಸ ಯುಯುಐಡಿ ಕೊಟ್ಟು, ‘ಯಾವುದರಿಂದ ಹುಟ್ಟಿದ್ದು’ ಎಂಬ ಕಾಲಮ್ಮಿನಲ್ಲಿ ಮೂಲ ಫೈಲಿನ ಯುಯುಐಡಿ ನಮೂದಿಸಿ. ಮೂಲವನ್ನು ‘ಸೇವ್ ಆ್ಯಸ್’ ಮಾಡಿ ಪ್ರತಿ ತೆಗೆದಾಗ ಒಳಗಿನ ಹಳೆಯ ಯುಯುಐಡಿಯೂ ಜೊತೆಗೇ ಬಂದಿರುವುದುಂಟು. ಅದನ್ನು ಬದಲಿಸಲು ಮರೆಯಬೇಡಿ.

ಈಗಾಗಲೇ ತುಂಬಿರುವ ಫೋಲ್ಡರಿಗೆ ಹೊಸದಾಗಿ ಸಂಖ್ಯೆ ಕೊಡುವುದಾದರೆ ಹಳೆಯ ಹೆಸರನ್ನು ಪಟ್ಟಿಯಲ್ಲಿ ಉಳಿಸಿಕೊಂಡೇ ಹೆಸರು ಬದಲಿಸಿ. ಕ್ಯಾಮೆರಾಗಳು ಸಾಮಾನ್ಯವಾಗಿ 9999 ಮುಟ್ಟಿದ ಮೇಲೆ 0001ಕ್ಕೆ ಮರಳುತ್ತವೆ. ಎರಡು ಕಾರ್ಡುಗಳ ಫೋಟೊ ಒಂದೇ ಫೋಲ್ಡರಿಗೆ ಸುರಿದರೆ ಒಂದರ ಮೇಲೊಂದು ಕೂತು ಮೊದಲಿನದು ಅಳಿಸಿಹೋಗಬಹುದು. ಪ್ರತಿ ಕಾರ್ಡಿಗೂ ಬೇರೆ ಫೋಲ್ಡರು ಮಾಡಿ, ಅಲ್ಲೇ ಹೆಸರು ಬದಲಿಸಿ, ಆಮೇಲೆ ಸೇರಿಸಿ.

ಪಟ್ಟಿಯ ಸಂಖ್ಯೆ ಕಾಲಮ್ಮುಗಳನ್ನು ತುಂಬುವ ಮೊದಲೇ ‘ಟೆಕ್ಸ್ಟ್’ ಮಾಡಿಡಿ. 4471ಇ209 ಎಂಬಂಥ ತುಣುಕನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿದರೆ ಎಕ್ಸೆಲ್ ಅದನ್ನು ಹತ್ತರ ಘಾತವೆಂದು ತಿಳಿದು ಬೇರೆಯೇ ಸಂಖ್ಯೆ ಮಾಡಿಬಿಡುತ್ತದೆ, ಹಿಂದಕ್ಕೆ ತರುವ ದಾರಿ ಇರುವುದಿಲ್ಲ. ಸಂಖ್ಯೆಯ ಮನೆಯನ್ನು ಮೂಲೆ ಹಿಡಿದು ಕೆಳಗೆಳೆದರೆ ಕೊನೆಯ ಅಂಕಿ ತಾನೇ ಏರುತ್ತಾ ಹೋಗುತ್ತದೆ. ಯುಯುಐಡಿ ಕಾಲಮ್ಮಿನಲ್ಲಿ ಹಾಗೆ ಎಳೆಯಲೇಬಾರದು.

ಪ್ರತಿ ದಿನದ ಕೆಲಸ ಮುಗಿದಾಗ ನಾಲ್ಕು ತಾಳೆ ನೋಡಿ. ಡಿಸ್ಕಿನಲ್ಲಿರುವ ಫೈಲುಗಳ ಎಣಿಕೆಯೂ ಪಟ್ಟಿಯಲ್ಲಿ ಫೈಲುಗಳಿಗಿರುವ ಸಾಲುಗಳ ಎಣಿಕೆಯೂ ಒಂದೇ ಇರಬೇಕು. ಯುಯುಐಡಿ ಕಾಲಮ್ಮಿನಲ್ಲಿ ಒಂದೂ ಮರುಕಳಿಸಿರಬಾರದು. ಹ್ಯಾಶ್ ಕಾಲಮ್ಮಿನಲ್ಲಿ ಮರುಕಳಿಸಿದ್ದರೆ ಒಂದೇ ಫೈಲು ಎರಡು ಸಲ ಸೇರಿದೆ ಎಂದರ್ಥ. ಕೊನೆಯದಾಗಿ, ಬ್ಯಾಕಪ್ ಡಿಸ್ಕಿಗೆ ನಕಲು ಮಾಡಿ ಅಲ್ಲಿಯ ಫೈಲುಗಳ ಹ್ಯಾಶ್ ಮತ್ತೆ ತೆಗೆದು ಪಟ್ಟಿಯೊಂದಿಗೆ ಹೋಲಿಸಿ. ಅದು ತಾಳೆಯಾದ ಮೇಲೆಯೇ ಕ್ಯಾಸೆಟ್ಟನ್ನು ಕೊಟ್ಟವರಿಗೆ ಹಿಂದಿರುಗಿಸಿ.