ಹಳೆಯ ಟಾಟಾ 1613ರ ಡೀಸೆಲ್ ಲೈನಿಗೆ ನೀರು ಹಿಡಿಯುವ ಫಿಲ್ಟರ್: ನಾನು ಹಾಕಿಕೊಂಡ ಬಗೆ

ಗಾಡಿ ಟಾಟಾ 1613 ಲಾರಿ. ಎಂಜಿನ್ 697, ಅಂದರೆ ಆರು ಸಿಲಿಂಡರ್, 97 ಮಿ.ಮೀ. ಬೋರ್ (ಸಿಲಿಂಡರಿನ ಒಳ ಅಗಲ), 5,675 ಸಿಸಿ. ನಾಝಲ್‌ಗಳಿಗೆ ಡೀಸೆಲ್ ಒತ್ತುವ ಪಂಪು ಮೈಕೋ ಇನ್‌ಲೈನ್. ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಕಲಬುರಗಿಯ ಪಂಪ್ ರೂಮುಗಳಲ್ಲಿ ಇವತ್ತಿಗೂ ಅದು ಮೈಕೋ ಪಂಪೇ. ಶಹಾಬಾದಿನ ಫರ್ಸಿ ಕಲ್ಲು, ವಾಡಿ-ಸೇಡಂ ಕಡೆಯ ಸಿಮೆಂಟ್, ಸುಗ್ಗಿಯಲ್ಲಿ ತೊಗರಿ ಚೀಲ, ಇವೇ ಲೋಡು. ಇಂಥ ಗಾಡಿಗಳು ನಮ್ಮ ಜಿಲ್ಲೆಯಲ್ಲಿ ಇನ್ನೂ ಬಹಳ ಓಡುತ್ತಿವೆ, ಆದ್ದರಿಂದ ಅಳತೆ ಸಮೇತ ಬರೆಯುತ್ತಿದ್ದೇನೆ.

ಮೂಲ ಜೋಡಣೆ ಹೀಗಿರುತ್ತದೆ: ಟ್ಯಾಂಕಿನೊಳಗೆ ಪಿಕಪ್ ಪೈಪ್, ಅಲ್ಲಿಂದ ಹೋಸ್ ಮೂಲಕ, ಪಂಪಿನ ಪಕ್ಕಕ್ಕೆ ಕೂತು ಟ್ಯಾಂಕಿನಿಂದ ಡೀಸೆಲ್ ಸೆಳೆಯುವ ಫೀಡ್ ಪಂಪ್, ಅದರ ಕೆಳಗೆ ಪುಟ್ಟ ಬಟ್ಟಲು ಮತ್ತು ಜಾಳಿ. ಫೀಡ್ ಪಂಪ್ ದೂಡಿದ ಡೀಸೆಲ್ ಜೋಡಿ ಫಿಲ್ಟರಿಗೆ ಹೋಗುತ್ತದೆ, ಮೊದಲು ಬಟ್ಟೆ ಎಲಿಮೆಂಟ್ (ಫಿಲ್ಟರಿನೊಳಗಿನ ಸೋಸುವ ಭಾಗ), ಆಮೇಲೆ ಕಾಗದದ ಎಲಿಮೆಂಟ್. ಅಲ್ಲಿಂದ ಪಂಪಿನ ಗ್ಯಾಲರಿ, ಅಂದರೆ ಪಂಪಿನೊಳಗೆ ಡೀಸೆಲ್ ತುಂಬಿ ನಿಲ್ಲುವ ಜಾಗ. ಹೆಚ್ಚಾದದ್ದು ಓವರ್‌ಫ್ಲೋ ವಾಲ್ವ್ ದಾಟಿ ಟ್ಯಾಂಕಿಗೆ ವಾಪಸ್. ಜೋಡಣೆ ಒಳ್ಳೆಯದೇ. ಕೊರತೆ ಒಂದೇ: ಫೀಡ್ ಪಂಪಿಗಿಂತ ಮುಂಚೆ ನೀರು ನಿಲ್ಲುವ ಜಾಗ ಇಲ್ಲ.

ಇದೇ ಮುಖ್ಯ ಮಾತು. ಡೀಸೆಲ್ಲಿಗಿಂತ ನೀರು ಭಾರ. ನಿಧಾನ ಹರಿಯುವಾಗ ಹನಿ ದೊಡ್ಡದಾಗಿ ತಾನೇ ಕೆಳಗಿಳಿಯುತ್ತದೆ. ಆದರೆ ಫೀಡ್ ಪಂಪಿನ ಪಿಸ್ಟನ್ ಒಮ್ಮೆ ಅದನ್ನು ಹೊಡೆದರೆ ಮಜ್ಜಿಗೆ ಕಡೆದ ಹಾಗಾಗಿ ಹನಿಗಳು ಸಣ್ಣಗೆ ಒಡೆದು ಡೀಸೆಲ್ಲಿನಲ್ಲೇ ಬೆರೆತು ಕೂರುತ್ತವೆ. ಆಮೇಲೆ ಎಷ್ಟು ಸಣ್ಣ ಕಣ್ಣಿನ ಫಿಲ್ಟರ್ ಹಾಕಿದರೂ ಬೇರ್ಪಡಿಸುವುದು ಕಷ್ಟ. ಪಂಪಿನಲ್ಲಿ ಡೀಸೆಲ್ ಒತ್ತುವ ಪ್ಲಂಜರಿಗೂ ಅದು ಓಡಾಡುವ ಬ್ಯಾರಲಿಗೂ ನಡುವೆ ಇರುವ ಸಂದು ಎರಡು ಮೂರು ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಅಷ್ಟೇ, ಮತ್ತು ಅಲ್ಲಿ ಜಾರಿಕೆ ಕೊಡುವುದು ಡೀಸೆಲ್ಲೇ. ನೀರು ಬಂದರೆ ಜಾರಿಕೆ ಹೋಗುತ್ತದೆ, ಗಾಡಿ ನಿಂತಾಗ ತುಕ್ಕು ಹಿಡಿಯುತ್ತದೆ. ಅದಕ್ಕೇ ನೀರು ಹಿಡಿಯುವ ಫಿಲ್ಟರನ್ನು, ಅಂದರೆ ವಾಟರ್ ಸೆಪರೇಟರನ್ನು, ಟ್ಯಾಂಕಿಗೂ ಫೀಡ್ ಪಂಪಿಗೂ ನಡುವೆ, ಸೆಳೆಯುವ ಕಡೆಗೇ ಕೂರಿಸಬೇಕು. ಜೋಡಿ ಫಿಲ್ಟರಿನ ನಂತರ ಇನ್ನೊಂದು ಫಿಲ್ಟರ್ ಸಿಕ್ಕಿಸಿ ಕೈ ತೊಳೆದುಕೊಳ್ಳುವವರಿದ್ದಾರೆ; ಅದರಿಂದ ನೀರಿನ ಸಮಸ್ಯೆ ಹಾಗೇ ಉಳಿಯುತ್ತದೆ.

ಬಿಎಸ್-6 ಡೀಸೆಲ್ಲಿನಲ್ಲಿ ನೀರು ಕಿಲೋಗೆ 200 ಮಿಲಿಗ್ರಾಂ ಮೀರಬಾರದು ಎಂಬ ನಿಯಮವಿದೆ. ಟ್ಯಾಂಕಿನಲ್ಲಿ ಸಿಗುವ ಲೋಟಗಟ್ಟಲೆ ನೀರು ಹೆಚ್ಚಾಗಿ ಆಮೇಲೆ ಸೇರಿದ್ದು. ನಮ್ಮಲ್ಲಿ ಬೇಸಿಗೆ ಹಗಲು 42-43 ಡಿಗ್ರಿ ಮುಟ್ಟುತ್ತದೆ, ಚಳಿಗಾಲದ ರಾತ್ರಿ 15ಕ್ಕೂ ಕೆಳಗಿಳಿಯುತ್ತದೆ. ಅರ್ಧ ಖಾಲಿ ಟ್ಯಾಂಕು ಹಗಲು ಕಾದು ಗಾಳಿ ಬಿಡುತ್ತದೆ, ರಾತ್ರಿ ತಣಿದು ಗಾಳಿ ಎಳೆದುಕೊಳ್ಳುತ್ತದೆ. ಆ ಗಾಳಿಯ ತೇವ ತಗಡಿನ ಒಳಮೈಗೆ ಹನಿಯಾಗಿ ಕೂರುತ್ತದೆ. ಸಂಜೆ ಟ್ಯಾಂಕ್ ತುಂಬಿಸಿ ನಿಲ್ಲಿಸಿದರೆ ಇದು ಬಹಳ ಕಡಿಮೆ. ಇನ್ನೊಂದು ದಾರಿ ಖಣಿಗಳಲ್ಲಿ ಡ್ರಮ್ಮಿನಿಂದ ಹಾಕಿಸಿಕೊಳ್ಳುವ ಡೀಸೆಲ್. ನಿಲ್ಲಿಸಿಟ್ಟ ಡ್ರಮ್ಮಿನ ತಲೆಯ ಮೇಲೆ ಮಳೆನೀರು ನಿಂತು ಬಿರಡೆಯ ಸಂದಿನಿಂದ ಒಳಗಿಳಿಯುತ್ತದೆ. ಡ್ರಮ್ಮನ್ನು ಅಡ್ಡ ಮಲಗಿಸಿಡಿ.

ಮೊದಲ ಕೆಲಸ ಟ್ಯಾಂಕು. ಹಳೆಯ ಟ್ಯಾಂಕಿನ ತುಕ್ಕನ್ನು ಹಾಗೇ ಬಿಟ್ಟು ಹೊಸ ಫಿಲ್ಟರ್ ಹಾಕಿದರೆ ಹೊಸ ಎಲಿಮೆಂಟು ಬೇಗನೆ ಕಟ್ಟಿಕೊಂಡು, ಹೊಸ ಸಾಮಾನೇ ಸರಿಯಿಲ್ಲ ಎಂದು ಕಿತ್ತೆಸೆಯುವಂತಾಗುತ್ತದೆ. ಗಾಡಿಯನ್ನು ರಾತ್ರಿ ಸಮತಟ್ಟಿನಲ್ಲಿ ನಿಲ್ಲಿಸಿ, ಬೆಳಿಗ್ಗೆ ಅಲುಗಾಡಿಸದೆ ಡ್ರೇನ್ ಪ್ಲಗ್ ಸಡಿಲಿಸಿ ಮೊದಲ ಎರಡು ಲೀಟರನ್ನು ಪಾರದರ್ಶಕ ಬಾಟಲಿಯಲ್ಲಿ ಹಿಡಿದೆ. ತಳದಲ್ಲಿ ಕೆಂಪು ಮಣ್ಣಿನಂತೆ ತುಕ್ಕು, ಅದರ ಮೇಲೆ ಎರಡು ಬೆರಳು ನೀರು, ನೀರಿಗೂ ಡೀಸೆಲ್ಲಿಗೂ ನಡುವೆ ಕಪ್ಪು ಲೋಳೆಯ ತೆಳು ಪದರ. ಆ ಲೋಳೆ ನೀರಿನ ಅಂಚಿನಲ್ಲಿ ಬೆಳೆಯುವ ಸೂಕ್ಷ್ಮಜೀವಿ. ನೀರು ತೆಗೆದರೆ ಅದರ ಬೆಳವಣಿಗೆ ನಿಲ್ಲುತ್ತದೆ. ಗೋಡೆಗೆ ಅಂಟಿದ್ದನ್ನು ಉಜ್ಜಿಯೇ ತೆಗೆಯಬೇಕು, ಹಠ ಹಿಡಿದರೆ ಡೀಸೆಲ್ಲಿಗೆಂದೇ ಮಾರುವ, ಸೂಕ್ಷ್ಮಜೀವಿ ಕೊಲ್ಲುವ ಬಯೋಸೈಡ್ ಹಾಕಬೇಕು. ಬ್ಲೀಚಿಂಗ್ ಪುಡಿ ಬೇಡ, ತಗಡು ತಿನ್ನುತ್ತದೆ.

ಟ್ಯಾಂಕನ್ನು ಕೆಳಗಿಳಿಸಿ, ಮೀಟರಿನ ಫ್ಲೋಟ್ ಬಿಚ್ಚಿ, ಹತ್ತು ಲೀಟರ್ ಡೀಸೆಲ್ ಜೊತೆ ಒಂದು ಸಣ್ಣ ಸರಪಳಿ ಒಳಗೆ ಬಿಟ್ಟು ನಾಲ್ಕೂ ಕಡೆ ಹೊರಳಿಸಿದರೆ ಸಡಿಲ ತುಕ್ಕು ಉದುರುತ್ತದೆ. ಬರುವ ಡೀಸೆಲ್ ತಿಳಿಯಾಗುವವರೆಗೆ ತೊಳೆಯಬೇಕು. ಪಿಕಪ್ ಪೈಪಿನ ಬಾಯಿ ತಳದಿಂದ 25ರಿಂದ 30 ಮಿ.ಮೀ. ಮೇಲಿರಲಿ. ಮುಚ್ಚಳದ ಗಾಳಿ ತೂತನ್ನು ನೋಡಿ: ಅದು ಕಟ್ಟಿಕೊಂಡಿದ್ದರೆ ಟ್ಯಾಂಕಿನೊಳಗೆ ನಿರ್ವಾತವಾಗಿ ಗಾಡಿ ಸೊರಗುತ್ತದೆ, ಬರಿದೇ ತೆರೆದಿದ್ದರೆ ಕ್ರಷರ್ ಧೂಳೆಲ್ಲ ಒಳಗೆ. ಅಲ್ಲಿ ಒಂದು ಪುಟ್ಟ ಬ್ರೀದರ್ ಫಿಲ್ಟರ್ ಹಾಕಿದೆ. ಟ್ಯಾಂಕು ತೂತಾಗಿದ್ದರೆ ಡೀಸೆಲ್ ಆವಿ ಪೂರ್ತಿ ಹೋಗದೆ ವೆಲ್ಡಿಂಗ್ ಮಾಡಿಸಲೇಬಾರದು, ಜೀವ ಹೋಗುವ ಕೆಲಸ ಅದು.

ಸೆಪರೇಟರ್ ಆರಿಸುವಾಗ ಮೂರು ವಿಷಯ ನೋಡಿದೆ. ಒಂದು, ಹರಿವು. ಎಂಜಿನ್ ಸುಡುವುದಕ್ಕಿಂತ ಫೀಡ್ ಪಂಪ್ ಸೆಳೆಯುವುದು ಬಹಳ ಹೆಚ್ಚು, ಉಳಿದದ್ದು ರಿಟರ್ನಿನಲ್ಲಿ ಹೋಗುತ್ತದೆ. ರಿಟರ್ನ್ ಹೋಸನ್ನು ಅಳತೆ ಡಬ್ಬಿಗೆ ಬಿಟ್ಟು ಎಂಜಿನ್ ರೇಸ್ ಏರಿಸಿ ಒಂದು ನಿಮಿಷ ಹಿಡಿದರೆ ಅಂದಾಜು ಸಿಗುತ್ತದೆ. ನಾನು ಗಂಟೆಗೆ 200 ಲೀಟರಿಗೂ ಮೇಲಿನದನ್ನು ಕೊಂಡೆ. ದೊಡ್ಡದಾದಷ್ಟೂ ಒಳಗೆ ಡೀಸೆಲ್ ನಿಧಾನ ಸಾಗಿ ನೀರು ಚೆನ್ನಾಗಿ ಇಳಿಯುತ್ತದೆ. ಎರಡು, ಎಲಿಮೆಂಟು 30 ಮೈಕ್ರಾನ್. ಸೆಳೆಯುವ ಕಡೆ 2 ಮೈಕ್ರಾನ್ ಹಾಕಿದರೆ ಫೀಡ್ ಪಂಪಿಗೆ ಉಸಿರು ಕಟ್ಟುತ್ತದೆ. ಸಣ್ಣ ಕಣ್ಣಿನ ಕೆಲಸ ಒತ್ತಡದ ಕಡೆಯ ಕಾಗದದ ಎಲಿಮೆಂಟಿಗೆ ಬಿಡಬೇಕು. ಮೂರು, ಅದರ ಎಲಿಮೆಂಟು ಕಲಬುರಗಿಯ ಅಂಗಡಿಯಲ್ಲಿ ಎದ್ದುಹೋಗಿ ತರುವಂತಿರಬೇಕು. ಎಂಥ ಒಳ್ಳೆಯ ಫಿಲ್ಟರ್ ಆದರೂ ಎಲಿಮೆಂಟಿಗಾಗಿ ಪಾರ್ಸೆಲ್ ಕಾಯುವುದಾದರೆ ಕೊನೆಗೆ ಯಾರೋ ಅದನ್ನು ಬೈಪಾಸ್ ಮಾಡುತ್ತಾರೆ. ಇದೇ ಕಾರಣಕ್ಕೆ ಮೂಲ ಜೋಡಿ ಫಿಲ್ಟರಿನ ಹೆಡ್ ಉಳಿಸಿಕೊಂಡೆ, ಅದರ ಎಲಿಮೆಂಟು ಸೇಡಂ, ಯಾದಗಿರಿಯಲ್ಲೂ ಸಿಗುತ್ತದೆ. ಬಟ್ಟಲುಗಳನ್ನು ತೊಳೆದು, ಎರಡೂ ಎಲಿಮೆಂಟು ಮತ್ತು ರಬ್ಬರ್ ರಿಂಗುಗಳನ್ನು ಹೊಸದು ಹಾಕಿದೆ. ಕಾಗದದ ಎಲಿಮೆಂಟು ಕೊಳ್ಳುವಾಗ ಮಡಿಕೆಗಳು ಸಮನಾಗಿವೆಯೇ, ಎರಡೂ ತುದಿಯ ಗೋಂದು ಪೂರ್ತಿ ಸುತ್ತಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಗೋಂದು ಬಿಟ್ಟ ಜಾಗದಲ್ಲಿ ಡೀಸೆಲ್ ಸೋಸದೆಯೇ ದಾಟುತ್ತದೆ.

ಉಳಿದ ಸಾಮಾನು: ಡೀಸೆಲ್ಲಿಗೆ ತಡೆಯುವ ನೈಟ್ರೈಲ್ ಹೋಸ್, ಒಳ ಅಳತೆ 12 ಮಿ.ಮೀ., ಮೂರು ಮೀಟರ್. ಪೂರ್ತಿ ಬಾಯಿಯ ಒಂದು ಬಾಲ್ ವಾಲ್ವ್. ಬ್ಯಾಂಜೋ ಬೋಲ್ಟು (ಒಳಗಿನ ತೂತಿನಿಂದ ಡೀಸೆಲ್ ಸಾಗುವ ಬೋಲ್ಟು) ಮತ್ತು ಹೊಸ ತಾಮ್ರದ ವಾಷರುಗಳು. ನಟ್-ಬೋಲ್ಟಿನ ನಯವಾದ ಪಟ್ಟಿಯ ಕ್ಲ್ಯಾಂಪುಗಳು. ಥ್ರೆಡ್ಡು ಊಹಿಸಬೇಡಿ, ಹಳೆಯ ಬೋಲ್ಟನ್ನೇ ಅಂಗಡಿಗೆ ಒಯ್ದು ಹೊಂದಿಸಿ. ಸೀಳಿದ ಪಟ್ಟಿಯ ಕ್ಲ್ಯಾಂಪು ಹೋಸಿನ ರಬ್ಬರನ್ನು ಕಡಿದು ಹವಾ ಎಳೆಯುವ ಸಂದು ಮಾಡುತ್ತದೆ. ಟೆಫ್ಲಾನ್ ಟೇಪ್ ಕೂಡ ಬೇಡ: ಅದರ ಎಳೆ ಬಿಚ್ಚಿಕೊಂಡು ಫೀಡ್ ಪಂಪಿನ ವಾಲ್ವಿನ ಕೆಳಗೆ ಕೂತರೆ ಹುಡುಕಿ ಹುಡುಕಿ ಸಾಕಾಗುತ್ತದೆ. ಡೀಸೆಲ್ ತಡೆಯುವ ದ್ರವ ಸೀಲಂಟು ಹಚ್ಚಿ, ಮೊದಲ ಎರಡು ಥ್ರೆಡ್ ಬಿಟ್ಟು. ಜಿಂಕ್ ಲೇಪದ ನೀರಿನ ಪೈಪು, ಫಿಟ್ಟಿಂಗು ಡೀಸೆಲ್ಲಿಗೆ ಆಗದು, ಜಿಂಕ್ ಕರಗಿ ಜಿಗುಟು ಕಟ್ಟುತ್ತದೆ.

ಕೂರಿಸುವ ಜಾಗ: ಚಾಸಿಯ ಒಳಮೈ, ಟ್ಯಾಂಕಿಗೆ ಹತ್ತಿರ, ಸೈಲೆನ್ಸರಿಗೆ ದೂರ. ಬಟ್ಟಲಿನ ಕೆಳಗೆ ಬಾಟಲಿ ಹಿಡಿದು ನೀರು ಬಿಡುವಷ್ಟು ಜಾಗ ಬೇಕು. ಚಕ್ರ ಎಸೆಯುವ ಕಲ್ಲು ಬಡಿಯದಂತೆ ಮುಂದೆ 3 ಮಿ.ಮೀ. ತಗಡಿನ ಗಾರ್ಡು ಹಾಕಿದೆ, ಖಣಿಯ ದಾರಿಯಲ್ಲಿ ಇದು ಬಿಟ್ಟರೆ ಬಟ್ಟಲು ಉಳಿಯುವುದಿಲ್ಲ. ಸೆಪರೇಟರ್ ಟ್ಯಾಂಕಿನ ಡೀಸೆಲ್ ಮಟ್ಟಕ್ಕಿಂತ ಕೆಳಗಿದ್ದರೆ ಬಿಚ್ಚಿದಾಗ ಟ್ಯಾಂಕೇ ಸುರಿಯುತ್ತದೆ, ಅದಕ್ಕೇ ಬಾಲ್ ವಾಲ್ವ್ ಟ್ಯಾಂಕಿಗೂ ಸೆಪರೇಟರಿಗೂ ನಡುವೆ. ಹೋಸು ಎಲ್ಲೂ ಗುಡ್ಡೆಯಂತೆ ಏರಿ ಇಳಿಯಬಾರದು, ಏರಿನ ತುದಿಯಲ್ಲಿ ಹವಾ ನಿಲ್ಲುತ್ತದೆ. ಬಾಣದ ಗುರುತು ನೋಡಿ ಜೋಡಿಸಿ.

ಹವಾ ತೆಗೆಯುವ ಕ್ರಮ. ಸೆಪರೇಟರಿಗೆ ಶುಭ್ರ ಡೀಸೆಲ್ ತುಂಬಿ ಮುಚ್ಚಿ. ಫೀಡ್ ಪಂಪಿನ ಹ್ಯಾಂಡ್ ಪ್ರೈಮರ್ ಗುಂಡಿ ತಿರುಗಿಸಿ ಎತ್ತಿ, ಜೋಡಿ ಫಿಲ್ಟರಿನ ಹವಾ ಬಿಡುವ ಮೊದಲ ಬ್ಲೀಡಿಂಗ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಒತ್ತಿ. ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿಸಬೇಕು. ಆಮೇಲೆ ಎರಡನೆಯದು, ಕೊನೆಗೆ ಪಂಪಿನ ಗ್ಯಾಲರಿಯದು. ಪ್ರೈಮರ್ ಗುಂಡಿಯನ್ನು ಮತ್ತೆ ಪೂರ್ತಿ ಬಿಗಿಸುವುದು ಮರೆಯಬಾರದು, ಸಡಿಲ ಗುಂಡಿಯೇ ಹವಾ ಎಳೆಯುತ್ತದೆ. ಸೆಲ್ಫ್ ಒಂದು ಸಲಕ್ಕೆ 15 ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ. ಹಿಡಿಯದಿದ್ದರೆ ನಾಝಲ್ ಪೈಪಿನ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ ಹೊಡೆದು, ಡೀಸೆಲ್ ಬಂದ ಮೇಲೆ ಬಿಗಿಸಿ. ಚಿಮ್ಮುವ ಡೀಸೆಲ್ಲಿಗೆ ಬೆರಳು ಅಡ್ಡ ಹಿಡಿಯಬೇಡಿ, ಆ ಒತ್ತಡ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಇನ್ನು ತೊಂದರೆಗಳು. ಸ್ಟಾರ್ಟ್ ಆಗಿ ಐದು ನಿಮಿಷಕ್ಕೆ ನಿಂತರೆ ಸೆಳೆಯುವ ಕಡೆ ಹವಾ ಹಿಡಿದಿದೆ. ಫೀಡ್ ಪಂಪಿಗಿಂತ ಮುಂಚೆ ತಾತ್ಕಾಲಿಕವಾಗಿ ಒಂದಡಿ ಪಾರದರ್ಶಕ ಹೋಸ್ ಹಾಕಿದರೆ ಗುಳ್ಳೆ ಕಣ್ಣಿಗೇ ಕಾಣುತ್ತದೆ. ಇಲ್ಲಿ ಎಂಜಿನ್ ಓಡಿಸುತ್ತಾ ಸೋಪು ನೀರು ಹಚ್ಚಿದರೆ ಪ್ರಯೋಜನವಿಲ್ಲ, ಸಂದು ಹೊರಗೆ ಬಿಡುವುದಿಲ್ಲ, ಒಳಗೆ ಎಳೆಯುತ್ತದೆ. ಎಂಜಿನ್ ಆರಿಸಿ, ಟ್ಯಾಂಕಿನ ತುದಿಯಲ್ಲಿ ಹೋಸ್ ಬಿಚ್ಚಿ ಸೈಕಲ್ ಪಂಪಿನಿಂದ 0.3 ಬಾರ್ ಒತ್ತಡ ಕೊಟ್ಟು ಆಗ ಸೋಪು ನೊರೆ ಹಚ್ಚಬೇಕು.

ಹುಮನಾಬಾದ್ ಕಡೆಯ ಏರಿನಲ್ಲಿ ಲೋಡಿದ್ದಾಗ “ಗಾಡಿ ಎಳೀವಲ್ದ್ರೀ” ಎಂದು ಡ್ರೈವರ್ ಹೇಳಿದರೆ, ಸೆಪರೇಟರಿಗೂ ಫೀಡ್ ಪಂಪಿಗೂ ನಡುವೆ ಟೀ (ಮೂರು ಬಾಯಿಯ ಫಿಟ್ಟಿಂಗು) ಹಾಕಿ ವ್ಯಾಕ್ಯೂಮ್ ಗೇಜ್ ನೋಡಬೇಕು. ಹೊಸ ಎಲಿಮೆಂಟಿದ್ದಾಗ ಪೂರ್ತಿ ರೇಸಿನಲ್ಲಿ ಪಾದರಸದ 100 ಮಿ.ಮೀ. ಒಳಗೇ ಇರಬೇಕು ಎಂಬ ಲೆಕ್ಕ ನಾನು ಇಟ್ಟುಕೊಂಡಿದ್ದೇನೆ. 200ರ ಹತ್ತಿರ ಬಂದರೆ ಎಲಿಮೆಂಟು ಬದಲಿಸುತ್ತೇನೆ. ಗೇಜ್ ಸರಿಯಿದ್ದೂ ಎಳೆಯದಿದ್ದರೆ ಓವರ್‌ಫ್ಲೋ ವಾಲ್ವ್ ಬಿಚ್ಚಿ ನೋಡಿ. ಎಷ್ಟೋ ಹಳೆಯ ಗಾಡಿಗಳಲ್ಲಿ ಅದರ ಜಾಗದಲ್ಲಿ ಬರೀ ತೂತಿನ ಬೋಲ್ಟು ಇರುತ್ತದೆ. ಗ್ಯಾಲರಿಯಲ್ಲಿ 1ರಿಂದ 1.5 ಬಾರ್ ಒತ್ತಡ ಕಟ್ಟುವುದು ಆ ವಾಲ್ವಿನ ಸ್ಪ್ರಿಂಗಿನಿಂದಲೇ. ಅದಿಲ್ಲದಿದ್ದರೆ ಡೀಸೆಲ್ಲೆಲ್ಲ ಟ್ಯಾಂಕಿಗೆ ವಾಪಸ್ ಓಡುತ್ತದೆ, ಪಂಪಿನ ಪ್ಲಂಜರುಗಳು ಹಸಿದು ಕೂರುತ್ತವೆ. ಹೊಸದಾಗಿ ಹಾಕಿದ ಮೇಲೆ ಮೊದಲ ಎಲಿಮೆಂಟು ಬೇಗ ಕಟ್ಟುವುದು ಸಹಜ, ಟ್ಯಾಂಕಿನ ಮೂಲೆಯಲ್ಲಿ ಉಳಿದದ್ದು ಸಡಿಲಾಗಿ ಬರುತ್ತದೆ. ಎರಡು ಎಲಿಮೆಂಟು, ನಾಲ್ಕು ತಾಮ್ರದ ವಾಷರ್, ಒಂದು ಪಾನಾ ಕ್ಯಾಬಿನ್ನಿನಲ್ಲಿರಲಿ.

ನೀರು ಬಿಡುವುದು ಬೆಳಿಗ್ಗೆ, ಸೆಲ್ಫ್ ಹೊಡೆಯುವ ಮುಂಚೆ, ರಾತ್ರಿ ಇಳಿದ ನೀರು ತಳದಲ್ಲಿ ನಿಂತಿರುವಾಗ. ಮಳೆಗಾಲದಲ್ಲಿ ದಿನಾ, ಬೇಸಿಗೆಯಲ್ಲಿ ವಾರಕ್ಕೊಮ್ಮೆ. ಅರ್ಧ ಲೋಟ ಬಿಟ್ಟು ನೋಡಿ: ಕೆಂಪು ಬಂದರೆ ಟ್ಯಾಂಕಿನ ತುಕ್ಕು, ಕಪ್ಪು ಚೂರು ಬಂದರೆ ಹೋಸಿನ ಒಳಮೈ ಅಥವಾ ಲೋಳೆ, ಹಾಲಿನಂತೆ ಬಂದರೆ ನೀರು ಬೆರೆತ ಡೀಸೆಲ್ಲು, ಅದನ್ನು ಹಾಕಿಸಿದ ಜಾಗವನ್ನು ಗುರುತಿಟ್ಟುಕೊಳ್ಳಿ. ಸೆಪರೇಟರ್ ಎಲಿಮೆಂಟನ್ನು 10,000 ಕಿ.ಮೀ.ಗೆ ಬದಲಿಸುತ್ತೇನೆ, ಖಣಿಯೊಳಗೇ ಓಡುವ, ಕಿಲೋಮೀಟರ್ ಕಡಿಮೆ ಬಿದ್ದು ಎಂಜಿನ್ ಹೆಚ್ಚು ಓಡುವ ಗಾಡಿಗೆ 250 ಗಂಟೆ ಲೆಕ್ಕ ಸರಿ. ಜೋಡಿ ಫಿಲ್ಟರಿನ ಕಾಗದ ಬದಲಿಸುವಾಗ ಅದರೊಳಗೆ ಡಬ್ಬಿಯ ಡೀಸೆಲ್ ಸುರಿಯಬೇಡಿ, ಸೋಸಿದ ಬದಿಗೆ ಸೋಸದ ಡೀಸೆಲ್ ಬಿದ್ದರೆ ನೇರ ಪಂಪಿಗೆ ಹೋಗುತ್ತದೆ. ಹ್ಯಾಂಡ್ ಪ್ರೈಮರಿನಿಂದಲೇ ತುಂಬಿಸಿ. ಬಿಟ್ಟ ನೀರು-ಡೀಸೆಲ್ಲನ್ನು ಹೊಲದ ಬದುವಿಗೆ ಚೆಲ್ಲದೆ ಡಬ್ಬಿಯಲ್ಲಿ ಕೂಡಿಟ್ಟು, ಹಳೆ ಆಯಿಲ್ ಒಯ್ಯುವವರಿಗೆ ಕೊಡಿ.